ಪಾಯ ತೋಡುವ ಮೊದಲು ಮನೆಯೊಳಗೆ ಓಡಾಡಿಸುವುದು: ವಾಸ್ತುಶಿಲ್ಪಿಗಳಿಗೆ ವಿಆರ್, ಎಆರ್ ಬಳಕೆಯ ಸಮಗ್ರ ಮಾರ್ಗದರ್ಶಿ

ಹಾಸನ, ಚಿಕ್ಕಮಗಳೂರು ಕಡೆ ಮನೆ ಕಟ್ಟಿಸುವವರು ನಕ್ಷೆ ನೋಡುವ ಬಗೆ ಸಾಮಾನ್ಯವಾಗಿ ಒಂದೇ. ಕಾಗದವನ್ನು ಮೇಜಿನ ಮೇಲೆ ಹರಡಿದ ಕೂಡಲೇ ಯಜಮಾನರು ಪೂರ್ವ ಯಾವ ಕಡೆ ಎಂದು ಕೇಳುತ್ತಾರೆ, ದೇವರ ಕೋಣೆ ಈಶಾನ್ಯಕ್ಕೆ ಬಂದಿದೆಯೇ ಎಂದು ನೋಡುತ್ತಾರೆ, ಒಟ್ಟು ಎಷ್ಟು ಚದರ ಆಯಿತು ಎಂದು ಲೆಕ್ಕ ಹಾಕುತ್ತಾರೆ, ಕೊನೆಗೆ ‘ಆಯ್ತು ಸರ್, ನೀವು ಹೇಗೆ ಹೇಳ್ತೀರೋ ಹಾಗೆ’ ಎಂದು ಸಹಿ ಹಾಕುತ್ತಾರೆ. ಆ ಸಹಿಯನ್ನು ಒಪ್ಪಿಗೆ ಎಂದು ತಿಳಿಯುವುದು ನಮ್ಮ ವೃತ್ತಿಯ ಹಳೆಯ ತಪ್ಪು. ಮನೆಯವರ ನಿಜವಾದ ಅಭಿಪ್ರಾಯ ಹೊರಬೀಳುವುದು ಗೋಡೆ ಲಿಂಟಲ್ ಮಟ್ಟಕ್ಕೆ ಎದ್ದಾಗ, ಮನೆಯ ಹೆಂಗಸರು ಮೊದಲ ಸಲ ಸೈಟಿಗೆ ಬಂದು ಅಡುಗೆಮನೆಯ ನಡುವೆ ನಿಂತು ‘ಇಷ್ಟೇನಾ?’ ಎಂದು ಕೇಳಿದಾಗ.

ಆ ಪ್ರಶ್ನೆಯನ್ನು ಪಾಯ ತೋಡುವ ಮೊದಲೇ ಕೇಳಿಸಿಕೊಳ್ಳಲು ಈಗ ಎರಡು ಸಾಧನಗಳಿವೆ. ಕಣ್ಣನ್ನು ಪೂರ್ತಿ ಮುಚ್ಚುವ ಹೆಡ್‌ಸೆಟ್ ತೊಡಿಸಿ, ಇನ್ನೂ ಕಟ್ಟದ ಮನೆಯೊಳಗೆ ನಿಜವಾದ ಅಳತೆಯಲ್ಲೇ ಓಡಾಡಿಸುವುದು ವರ್ಚುವಲ್ ರಿಯಾಲಿಟಿ, ಅಂದರೆ ವಿಆರ್. ಮೊಬೈಲ್ ಅಥವಾ ಟ್ಯಾಬಿನ ಕ್ಯಾಮೆರಾದಲ್ಲಿ ಕಾಣುವ ಖಾಲಿ ಸೈಟಿನ ಮೇಲೆಯೇ ಮನೆಯನ್ನು ಕೂರಿಸಿ ತೋರಿಸುವುದು ಆಗ್ಮೆಂಟೆಡ್ ರಿಯಾಲಿಟಿ, ಅಂದರೆ ಎಆರ್. ಎರಡೂ ಇಂದು ನಿನ್ನೆಯವಲ್ಲ. 1980ರ ದಶಕದಲ್ಲಿ ಅಮೆರಿಕದ ನಾರ್ತ್ ಕ್ಯಾರೊಲಿನಾ ವಿಶ್ವವಿದ್ಯಾಲಯದಲ್ಲಿ ಗಣಕ ವಿಜ್ಞಾನಿ ಫ್ರೆಡ್ ಬ್ರೂಕ್ಸ್ ಮತ್ತು ಅವರ ಸಂಗಡಿಗರು ತಮ್ಮದೇ ವಿಭಾಗಕ್ಕೆ ಕಟ್ಟಲಿದ್ದ ಸಿಟರ್ಸನ್ ಹಾಲ್ ಎಂಬ ಕಟ್ಟಡವನ್ನು ಗಣಕದಲ್ಲಿ ರೂಪಿಸಿ ಅದರೊಳಗೆ ‘ನಡೆದು’ ನೋಡಿದ್ದರು. ಒಂದು ಅಡ್ಡಗೋಡೆಯಿಂದ ಜಾಗ ಇಕ್ಕಟ್ಟಾಗುತ್ತದೆ ಎಂಬ ಅವರ ದೂರನ್ನು ವಾಸ್ತುಶಿಲ್ಪಿಗಳು ಒಪ್ಪಿಕೊಂಡದ್ದು ಆ ನಡಿಗೆಯನ್ನು ತಾವೂ ನೋಡಿದ ಮೇಲೆ. ಈ ತಂತ್ರದಿಂದ ಆಗಬೇಕಾದ ಕೆಲಸವೆಲ್ಲ ಆ ಒಂದು ಗೋಡೆಯ ಪ್ರಸಂಗದಲ್ಲಿದೆ; ಉಳಿದ ಬೆರಗೆಲ್ಲ ಜಾತ್ರೆಯ ಬಯಾಸ್ಕೋಪಿನ ಬೆರಗು.

ಹಂತಗಳಿಗೆ ಹೋಗುವ ಮೊದಲು ತೃಪ್ತಿ ಎಂಬ ಮಾತನ್ನು ಸ್ವಲ್ಪ ಬಿಡಿಸಿಕೊಳ್ಳಬೇಕು. ಗ್ರಾಹಕನ ತೃಪ್ತಿಯು ಅವನಿಗೆ ದೊರೆತ ವಸ್ತುವಿನ ಗುಣದಿಂದ ಮಾತ್ರ ಹುಟ್ಟುವುದಿಲ್ಲ, ಅವನ ನಿರೀಕ್ಷೆಗೂ ಕೈಗೆ ಬಂದದ್ದಕ್ಕೂ ನಡುವಿನ ಅಂತರದಿಂದ ಹುಟ್ಟುತ್ತದೆ ಎಂಬ ವಿಚಾರವನ್ನು ಗ್ರಾಹಕರ ನಡವಳಿಕೆಯ ಅಧ್ಯಯನಕಾರ ರಿಚರ್ಡ್ ಆಲಿವರ್ 1980ರಲ್ಲಿ ಮಂಡಿಸಿದರು. ನಮ್ಮ ಕೆಲಸಕ್ಕೆ ಇದನ್ನು ಅನ್ವಯಿಸಿದರೆ, ವಿಆರ್ ಎರಡು ಅಲಗಿನ ಕತ್ತಿ: ಇದ್ದದ್ದನ್ನು ಇದ್ದಂತೆ ತೋರಿಸಿದರೆ ಆ ಅಂತರ ಕಿರಿದಾಗುತ್ತದೆ, ಸಿಂಗರಿಸಿ ತೋರಿಸಿದರೆ ಹಿಗ್ಗುತ್ತದೆ. ನಾನು ಇದನ್ನು ಪೆಟ್ಟು ತಿಂದೇ ಕಲಿತೆ. ಹಾಸನದ 30×40 ಸೈಟೊಂದರ ಮನೆಗೆ ಅಗಲ ಕೋನದ ಕ್ಯಾಮೆರಾ ಇಟ್ಟು, ಸಂಜೆಯ ಹೊಂಬಿಸಿಲು ಹಾಯಿಸಿ, ಅಂದಾಜುಪಟ್ಟಿಯಲ್ಲಿ ಇಲ್ಲದ ಮರದ ಫಾಲ್ಸ್ ಸೀಲಿಂಗ್ ಹಾಕಿ ಒಂದು ವಿಡಿಯೊ ಮಾಡಿದ್ದೆ. ಮನೆಯವರು ಅದನ್ನು ಊರಿಗೆಲ್ಲ ತೋರಿಸಿ ಸಂಭ್ರಮಪಟ್ಟರು. ಗೃಹಪ್ರವೇಶದ ದಿನ ಹೋಳಿಗೆ ಬಡಿಸುತ್ತಲೇ ಆ ಮನೆಯ ಅಮ್ಮ, ‘ವಿಡಿಯೊದಲ್ಲಿ ಹಾಲ್ ದೊಡ್ಡದಿತ್ತಲ್ಲಪ್ಪ’ ಅಂದರು. ನಕ್ಷೆಯ ಪ್ರಕಾರ ಒಂದಂಗುಲವೂ ಕಡಿಮೆ ಇರಲಿಲ್ಲ. ಆದರೂ ಅವರ ಮಾತು ಸುಳ್ಳಾಗಿರಲಿಲ್ಲ.

ಹಂತ 1: ಯಾವಾಗ ತೋರಿಸಬೇಕು, ಏನನ್ನು ಕೇಳಬೇಕು ಎಂಬುದನ್ನು ನಿಗದಿ ಮಾಡಿಕೊಳ್ಳಿ

ನಕ್ಷೆ ವಾಸ್ತು, ಆಯ, ಸೆಟ್‌ಬ್ಯಾಕ್ (ಸೈಟಿನ ಗಡಿಯಿಂದ ಬಿಡಬೇಕಾದ ಜಾಗ) ಎಲ್ಲಕ್ಕೂ ಹೊಂದಿಕೊಂಡು ಒಂದು ರೂಪಕ್ಕೆ ಬಂದ ಮೇಲೆ, ಆದರೆ ಸ್ಟ್ರಕ್ಚರಲ್ ಎಂಜಿನಿಯರ್ ಕಂಬಗಳ ಜಾಗವನ್ನು ಅಂತಿಮಗೊಳಿಸುವ ಮೊದಲು, ವಿಆರ್‌ನಲ್ಲಿ ತೋರಿಸುವುದು ಸರಿಯಾದ ಹೊತ್ತು. ಅದಕ್ಕಿಂತ ಮೊದಲು ತೋರಿಸಿದರೆ ವಾರಕ್ಕೊಮ್ಮೆ ಗಣಕದಲ್ಲಿನ ಮನೆಯ ಮಾದರಿ ತಿದ್ದುತ್ತ ಕೂರಬೇಕಾಗುತ್ತದೆ. ಗುದ್ದಲಿ ಪೂಜೆ ಮುಗಿದ ಮೇಲೆ ತೋರಿಸಿದರೆ ಅದು ಬರೀ ಮನರಂಜನೆ. ತೋರಿಸುವ ಮೊದಲು ಆ ಮನೆಯ ಮಟ್ಟಿಗೆ ಅನುಮಾನವಿರುವ ನಾಲ್ಕೈದು ಜಾಗಗಳನ್ನು ಬರೆದಿಟ್ಟುಕೊಳ್ಳಿ: ಅಡುಗೆ ಕಟ್ಟೆಯ ಎತ್ತರ, ಮೆಟ್ಟಿಲ ಕೆಳಗಿನ ತಲೆಯೆತ್ತರ, ಬಾಗಿಲು ತೆರೆದರೆ ಊಟದ ಮೇಜಿಗೆ ತಾಗುತ್ತದೆಯೇ, ಹೊರಗಿನಿಂದ ಬಂದವರಿಗೆ ಮಲಗುವ ಕೋಣೆ ನೇರ ಕಾಣುತ್ತದೆಯೇ. ಇಡೀ ಮನೆ ಸುತ್ತಿಸಿ ‘ಹೇಗಿದೆ?’ ಎಂದು ಕೇಳಿದರೆ ನಮ್ಮ ಕಡೆಯ ಜನ ಮರ್ಯಾದೆಗಾದರೂ ‘ಚೆನ್ನಾಗಿದೆ’ ಎಂದೇ ಹೇಳುತ್ತಾರೆ.

ಹಂತ 2: ಸಾಧನ

ಇದರ ಬಗ್ಗೆ ಹೆಚ್ಚು ತಲೆ ಕೆಡಿಸಿಕೊಳ್ಳುವ ಅಗತ್ಯವಿಲ್ಲ. 2023ರಲ್ಲಿ ಬಂದ ಮೆಟಾ ಕ್ವೆಸ್ಟ್ 3ರಂಥ, ತಂತಿಯ ಹಂಗಿಲ್ಲದೆಯೂ ನಡೆಯುವ ಹೆಡ್‌ಸೆಟ್ ಸಣ್ಣ ಕಚೇರಿಗೆ ಧಾರಾಳ ಸಾಕು. ಸ್ಕೆಚ್‌ಅಪ್ ಅಥವಾ ರೆವಿಟ್ ತಂತ್ರಾಂಶದಲ್ಲಿ ಮಾದರಿ ಮಾಡುವವರು ಎನ್‌ಸ್ಕೇಪ್ ಅಥವಾ ಟ್ವಿನ್‌ಮೋಷನ್ ಎಂಬ ತಂತ್ರಾಂಶದ ಮೂಲಕ ಅದನ್ನು ಹೆಡ್‌ಸೆಟ್ಟಿಗೆ ತರಬಹುದು. ಇವುಗಳಿಗೆ ಒಳ್ಳೆಯ ಗ್ರಾಫಿಕ್ಸ್ ಕಾರ್ಡ್ ಇರುವ ಗಣಕ ಬೇಕು. ವಾರ್ಷಿಕ ವರಮಾನ 10 ಲಕ್ಷ ಡಾಲರ್ ದಾಟದ ಕಚೇರಿಗಳಿಗೆ ಟ್ವಿನ್‌ಮೋಷನ್ 2024ರಿಂದ ಉಚಿತ, ಆ ಮಿತಿ ನಮ್ಮಲ್ಲಿ ಯಾರನ್ನೂ ತಡೆಯಲಾರದು. ಎಆರ್‌ಗೆ ಪ್ರತ್ಯೇಕ ಯಂತ್ರ ಬೇಡ. ಆಪಲ್ 2017ರಲ್ಲಿ ಎಆರ್‌ಕಿಟ್ ಎಂಬ, ಗೂಗಲ್ 2018ರಲ್ಲಿ ಎಆರ್‌ಕೋರ್ ಎಂಬ ಎಆರ್ ತಂತ್ರಾಂಶವನ್ನು ಬಿಡುಗಡೆ ಮಾಡಿದ ಮೇಲೆ ಅವು ನಡೆಯುವ ಮೊಬೈಲೇ ಸಾಕು.

ಹಂತ 3: ಮಾದರಿಯನ್ನು ಪ್ರಾಮಾಣಿಕವಾಗಿ ಸಿದ್ಧಪಡಿಸಿ

ಮೊದಲ ನಿಯಮ, ಅಂದಾಜುಪಟ್ಟಿಯಲ್ಲಿ ಇಲ್ಲದ ವಸ್ತು ಮಾದರಿಯಲ್ಲಿಯೂ ಇರಬಾರದು. ಪೀಠೋಪಕರಣವಿಲ್ಲದ ಕೋಣೆಯ ಅಳತೆಯನ್ನು ಕಣ್ಣು ಸರಿಯಾಗಿ ಅಂದಾಜು ಮಾಡಲಾರದು, ಆದ್ದರಿಂದ ಮಂಚ, ಸೋಫಾ, ಬೀರು ಇಡಬೇಕು. ಆದರೆ ಅವು ಗ್ರಾಹಕರ ಹಳೆಯ ಮನೆಯಲ್ಲಿ ಈಗಾಗಲೇ ಇರುವ, ಟೇಪು ಹಿಡಿದು ಅಳೆದು ತಂದ ವಸ್ತುಗಳಾಗಿದ್ದರೆ ಉತ್ತಮ. ಒಬ್ಬರ ಮನೆಯಲ್ಲಿ ಅಜ್ಜಿಯ ಕಾಲದ ಬೀಟೆ ಮರದ ಮಂಚವಿತ್ತು. ಅದರ ಅಳತೆಯನ್ನು ಮಾದರಿಗೆ ಹಾಕಿದ ಮೇಲೆಯೇ ಮಲಗುವ ಕೋಣೆಯ ಬಾಗಿಲನ್ನು ಒಂದೂವರೆ ಅಡಿ ಸರಿಸಬೇಕು ಎಂದು ತಿಳಿದದ್ದು.

ಎರಡನೆಯದು ಬಿಸಿಲು. ತಂತ್ರಾಂಶ ತೆರೆದಾಗ ಅದು ತಾನೇ ಹಿಡಿದಿರುವ ಊರು ಬೇರೆಯಿರುತ್ತದೆ; ಸ್ಕೆಚ್‌ಅಪ್‌ನ ಮೂಲ ಮಾದರಿ ಕಡತಗಳಲ್ಲಿ ಅದು ಅಮೆರಿಕದ ಬೌಲ್ಡರ್. ಆ ಊರು ಸುಮಾರು 40 ಡಿಗ್ರಿ ಉತ್ತರ ಅಕ್ಷಾಂಶದಲ್ಲಿದೆ, ಹಾಸನ ಸುಮಾರು 13 ಡಿಗ್ರಿಯಲ್ಲಿದೆ. ಡಿಸೆಂಬರ್ ಕೊನೆಯ ಮಧ್ಯಾಹ್ನ ಅಲ್ಲಿ ಸೂರ್ಯ ದಿಗಂತದಿಂದ 27 ಡಿಗ್ರಿಯಷ್ಟು ಮಾತ್ರ ಮೇಲಿದ್ದರೆ ಹಾಸನದಲ್ಲಿ 53 ಡಿಗ್ರಿಗಿಂತ ಮೇಲಿರುತ್ತಾನೆ. ಊರನ್ನು ಬದಲಿಸುವುದು ಮರೆತರೆ ದಕ್ಷಿಣದ ಕಿಟಕಿಯಿಂದ ಬಿಸಿಲು ನಡುಮನೆಯ ಆಚೆ ಗೋಡೆಯವರೆಗೂ ಹರಿದಂತೆ ಕಂಡು ಮನೆಯವರು ಹಿಗ್ಗುತ್ತಾರೆ, ಕಟ್ಟಿದ ಮೇಲೆ ಆ ಬಿಸಿಲು ಕಿಟಕಿಯ ಬುಡದಲ್ಲೇ ನಿಲ್ಲುತ್ತದೆ. ನಮ್ಮಲ್ಲಿ ಏಪ್ರಿಲ್ ಕೊನೆಯಲ್ಲೂ ಆಗಸ್ಟ್ ನಡುವಿನಲ್ಲೂ ಸೂರ್ಯ ನೇರ ನೆತ್ತಿಯ ಮೇಲೆ ಬರುತ್ತಾನೆ, ಅವೆರಡರ ನಡುವೆ ಮಧ್ಯಾಹ್ನದ ಹೊತ್ತು ಉತ್ತರದ ಕಡೆಗೇ ವಾಲಿರುತ್ತಾನೆ. ಗಡಿಯಾರವನ್ನೂ ಭಾರತೀಯ ಕಾಲಮಾನಕ್ಕೆ ಹೊಂದಿಸಬೇಕು. ಹಾಸನದಲ್ಲಿ ಸೂರ್ಯನ ನಡುಹಗಲು ಸರಾಸರಿ 12 ಗಂಟೆ 25 ನಿಮಿಷದ ಆಸುಪಾಸಿಗೆ ಬರುತ್ತದೆ. ಸಾಧ್ಯವಾದರೆ ಬೆಳಗಿನ 8, ಮಧ್ಯಾಹ್ನದ 1, ಸಂಜೆಯ 5 ಗಂಟೆಯ ಬೆಳಕುಗಳನ್ನೂ, ಮೋಡ ಕವಿದ ದಿನದ ಮಂಕು ಬೆಳಕನ್ನೂ ಸಿದ್ಧವಾಗಿಟ್ಟುಕೊಳ್ಳಿ. ಸಕಲೇಶಪುರ, ಮೂಡಿಗೆರೆ ಕಡೆಯ ಮನೆಗಳಿಗೆ ಈ ಮಂಕು ಬೆಳಕೇ ಮುಖ್ಯ, ಏಕೆಂದರೆ ಮಳೆಗಾಲದ ತಿಂಗಳುಗಳನ್ನು ಅವರು ಅದರಲ್ಲೇ ಕಳೆಯಬೇಕು.

ಮೂರನೆಯದು ಸುತ್ತಲಿನ ಪರಿಸರ. ಪಟ್ಟಣದ ಸೈಟಾದರೆ ಪಕ್ಕದ ಮನೆಯ ಗೋಡೆ, ಎದುರಿನ ವಿದ್ಯುತ್ ಕಂಬ, ಟ್ರಾನ್ಸ್‌ಫಾರ್ಮರ್ ಎಲ್ಲವನ್ನೂ ಮಾದರಿಯಲ್ಲಿ ಇಡಿ. ಬೂದು ಬಣ್ಣದ ಪೆಟ್ಟಿಗೆಗಳ ರೂಪದಲ್ಲಿದ್ದರೂ ಸಾಕು. ಕಾಫಿ ತೋಟದ ಮನೆಯಾದರೆ ಇಳಿಜಾರಿನ ಮಟ್ಟಗಳನ್ನು ಸರ್ವೆಯಿಂದಲೇ ತೆಗೆದುಕೊಳ್ಳಬೇಕು. ಇಳಿಜಾರನ್ನು ಕಣ್ಣಂದಾಜಿನಲ್ಲಿ ಹಾಕಿದ ಮಾದರಿಯಲ್ಲಿ ಜಗುಲಿಯಿಂದ ಕಣದವರೆಗೆ ಎರಡು ಮೆಟ್ಟಿಲು ಕಂಡು, ಸ್ಥಳದಲ್ಲಿ ಏಳು ಮೆಟ್ಟಿಲು ಬೇಕಾಗಬಹುದು.

ನಾಲ್ಕನೆಯದು ಕಣ್ಣಿನ ಎತ್ತರ. ನಿಂತು ನೋಡುವವರಿಗೆ ಹೆಡ್‌ಸೆಟ್ ಅವರ ಎತ್ತರವನ್ನು ತಾನೇ ಹಿಡಿಯುತ್ತದೆ, ಆದರೆ ಕುಳಿತು ನೋಡುವವರಿಗೆ ನಾವೇ ಹೊಂದಿಸಬೇಕು. ಐದಡಿ ಎರಡಂಗುಲದ ಹೆಂಗಸಿನ ಕಣ್ಣು ನೆಲದಿಂದ ಸುಮಾರು ನಾಲ್ಕಡಿ ಹತ್ತಂಗುಲದಲ್ಲಿರುತ್ತದೆ. ಅವರಿಗೆ ಆರಡಿ ಆಳಿನ ಕಣ್ಣಿನಿಂದ ಅಡುಗೆಮನೆ ತೋರಿಸಿದರೆ ಮೇಲಿನ ಕಪಾಟು ಕೈಗೆಟುಕುವಂತೆ ಕಾಣುತ್ತದೆ.

ಹಂತ 4: ಕಚೇರಿಯಲ್ಲಿ ತೋರಿಸುವ ದಿನ

ಇದೇ ಇಡೀ ಕೆಲಸದ ತಿರುಳು, ಆದ್ದರಿಂದ ಇಲ್ಲಿ ಅವಸರ ಕೂಡದು. ಯಜಮಾನರೊಬ್ಬರೇ ಬಂದರೆ ತೋರಿಸಬೇಡಿ. ಅಡುಗೆ ಮಾಡುವವರು, ಮನೆಯ ಹಿರಿಯರು, ಆ ಮನೆಯಲ್ಲಿ ಹೆಚ್ಚು ಹೊತ್ತು ಕಳೆಯುವವರು ಬರಲಿ. ಸಾಧ್ಯವಾದರೆ ಮೇಸ್ತ್ರಿಯನ್ನೂ ಕರೆಯಿರಿ. ನಕ್ಷೆ ಓದಲು ಹಿಂಜರಿಯುವ ಮೇಸ್ತ್ರಿಗಳು ಹೆಡ್‌ಸೆಟ್ ಹಾಕಿಕೊಂಡ ಎರಡು ನಿಮಿಷಕ್ಕೆ, ಈ ಬೀಮಿನ ಕೆಳಗೆ ಸೆಂಟ್ರಿಂಗ್ ನಿಲ್ಲಿಸಲು ಜಾಗವೆಲ್ಲಿ ಎಂದು ಕೇಳಿದ್ದನ್ನು ನೋಡಿದ್ದೇನೆ.

ಹೆಡ್‌ಸೆಟ್ ತೊಡಿಸುವುದಕ್ಕೂ ಒಂದು ಕ್ರಮವಿದೆ. ಸುಮಾರು ಅರ್ಧ ಕಿಲೋ ತೂಕದ ಆ ಯಂತ್ರ ಮುಖದ ಮೇಲೆ ಕುಳಿತಾಗ ಹಿರಿಯರಿಗೆ ಉಸಿರು ಕಟ್ಟಿದಂತಾಗಬಹುದು. ಮೊದಲು ಕೈಯಲ್ಲಿ ಹಿಡಿದು ಒಳಗೆ ಇಣುಕಲು ಹೇಳಿ, ಆಮೇಲೆ ಪಟ್ಟಿ ಬಿಗಿಯಿರಿ. ತುರುಬು ಕಟ್ಟಿ ಹೂ ಮುಡಿದು ಬಂದವರಿಗೆ ಹಿಂದಿನ ಪಟ್ಟಿ ಕೂರುವುದಿಲ್ಲ, ಆದ್ದರಿಂದ ಇದನ್ನು ಮುಂಚಿತವಾಗಿ ಫೋನಿನಲ್ಲೇ ತಿಳಿಸುವುದು ಸೌಜನ್ಯ. ಕಣ್ಣುಗಳ ನಡುವಿನ ಅಂತರ ಸರಾಸರಿ 63 ಮಿಲಿಮೀಟರ್ ಇದ್ದರೂ ಒಬ್ಬರಿಂದ ಒಬ್ಬರಿಗೆ ವ್ಯತ್ಯಾಸವಾಗುತ್ತದೆ, ಪ್ರತಿ ಸಲ ಮಸೂರಗಳನ್ನು ಅವರಿಗೆ ಹೊಂದಿಸಿ. ಕನ್ನಡಕದವರು ಕನ್ನಡಕ ಹಾಕಿಕೊಂಡೇ ನೋಡಲಿ. ಒಬ್ಬರಿಂದ ಇನ್ನೊಬ್ಬರಿಗೆ ಕೊಡುವ ಮೊದಲು ಮುಖಕ್ಕೆ ತಾಗುವ ಭಾಗವನ್ನು ಒರೆಸಬೇಕು. ಹತ್ತು ವರ್ಷದೊಳಗಿನ ಮಕ್ಕಳಿಗೆ ಕ್ವೆಸ್ಟ್ ಬೇಡವೆಂದು ತಯಾರಕರೇ ಹೇಳಿರುವುದರಿಂದ ಮಕ್ಕಳು ಎಷ್ಟೇ ಹಟ ಮಾಡಿದರೂ ಕೊಡಬೇಡಿ.

ತಲೆಸುತ್ತು ಬರುವುದು ಕಣ್ಣು ‘ಚಲಿಸುತ್ತಿದ್ದೇನೆ’ ಎಂದೂ ಒಳಗಿವಿಯ ಸಮತೋಲನದ ಅಂಗ ‘ನಿಂತಿದ್ದೇನೆ’ ಎಂದೂ ಬೇರೆ ಬೇರೆ ಹೇಳಿದಾಗ. ಆದ್ದರಿಂದ ಕೈಯಲ್ಲಿ ಹಿಡಿಯುವ ನಿಯಂತ್ರಕದ ಪುಟ್ಟ ಕೋಲಿನಿಂದ ಜಾರುತ್ತ ಸಾಗುವ ಚಲನೆಯನ್ನು ಬಿಟ್ಟು, ಒಂದು ಜಾಗದಿಂದ ಇನ್ನೊಂದು ಜಾಗಕ್ಕೆ ನೇರವಾಗಿ ನೆಗೆಯುವ ಟೆಲಿಪೋರ್ಟ್ ವಿಧಾನವನ್ನೇ ಬಳಸಿ. ಹಿರಿಯರನ್ನು ತಿರುಗುವ ಕುರ್ಚಿಯಲ್ಲಿ ಕೂರಿಸಿ, ಹತ್ತು ಹದಿನೈದು ನಿಮಿಷಕ್ಕೆ ಮುಗಿಸಿ. ಮೊದಲೇ ತಲೆಸುತ್ತಿನ ತೊಂದರೆ ಇರುವವರಿಗೆ ದೊಡ್ಡ ಪರದೆಯ ಮೇಲೆ ತೋರಿಸಿದರೆ ಸಾಕು.

ಹೆಚ್ಚಿನವರು ಗಮನಿಸದ ಸಂಗತಿಯೊಂದಿದೆ. ಹೆಡ್‌ಸೆಟ್ಟಿನಲ್ಲಿ ದೂರಗಳು ಇರುವುದಕ್ಕಿಂತ ತುಸು ಕಡಿಮೆಯಾಗಿ ಕಾಣುತ್ತವೆ ಎಂಬುದು ಈ ಕ್ಷೇತ್ರದ ಪ್ರಯೋಗಗಳಲ್ಲಿ ಮತ್ತೆ ಮತ್ತೆ ಕಂಡುಬಂದಿದೆ. ಅಂದರೆ ಅಗಲ ಕೋನದ ಚಿತ್ರ ಕೋಣೆಯನ್ನು ಹಿಗ್ಗಿಸಿದರೆ, ವಿಆರ್ ಸ್ವಲ್ಪ ಕುಗ್ಗಿಸಬಹುದು. ಇದಕ್ಕೆ ನಾನು ಕಂಡುಕೊಂಡ ಉಪಾಯ ಸರಳವಾದದ್ದು: ನಮ್ಮ ಕಚೇರಿಯ ಕೋಣೆಯನ್ನೇ ಅಳತೆ ತಪ್ಪದೆ ಮಾದರಿ ಮಾಡಿಟ್ಟಿದ್ದೇನೆ, ಮೊದಲು ಅದನ್ನೇ ತೋರಿಸುತ್ತೇನೆ. ತಾವು ಕುಳಿತಿರುವ ಕೋಣೆಯೇ ಹೆಡ್‌ಸೆಟ್ಟಿನೊಳಗೆ ಹೇಗೆ ಕಾಣುತ್ತದೆ ಎಂಬ ಅಂದಾಜು ಸಿಕ್ಕಿದ ಮೇಲೆ ಅವರು ತಮ್ಮ ಮನೆಯ ಹಾಲ್ ಅನ್ನು ಅದಕ್ಕೆ ಹೋಲಿಸುತ್ತಾರೆ. ‘ಈ ರೂಮಿಗಿಂತ ಎರಡು ಹೆಜ್ಜೆ ದೊಡ್ಡದು’ ಎಂಬಂಥ ಮಾತು ಬಂದರೆ ಆ ದಿನದ ಕೆಲಸ ಸಾರ್ಥಕ.

ಮುಟ್ಟುವ ಅನುಭವವನ್ನು ಸೇರಿಸಿದರೆ ಇನ್ನೂ ಒಳ್ಳೆಯದು. ಅಡುಗೆ ಕಟ್ಟೆಯ ಎತ್ತರಕ್ಕೆ, ಉದಾಹರಣೆಗೆ 33 ಅಂಗುಲಕ್ಕೆ, ಒಂದು ಮೇಜನ್ನು ಏರಿಸಿ, ಮಾದರಿಯ ಕಟ್ಟೆ ಎಲ್ಲಿದೆಯೋ ಅಲ್ಲಿಯೇ ಅದನ್ನು ಇಟ್ಟು, ಅದರ ಮೇಲೆ ಒಂದು ಕುಕ್ಕರ್ ಇಡಿ. ಕುಕ್ಕರ್ ಎತ್ತಿ ಇಳಿಸಿದವರ ತೋಳೇ ಕಟ್ಟೆ ಎತ್ತರವಾಯಿತೋ ತಗ್ಗಾಯಿತೋ ಹೇಳಿಬಿಡುತ್ತದೆ. ಬಣ್ಣದ ವಿಷಯದಲ್ಲಿ ಮಾತ್ರ ಹೆಡ್‌ಸೆಟ್ಟನ್ನು ನಂಬಬಾರದು. ಸಾದರಹಳ್ಳಿ ಕಲ್ಲು, ರೆಡ್ ಆಕ್ಸೈಡ್ ನೆಲ, ಮಂಗಳೂರು ಹೆಂಚು ಇವುಗಳ ನಿಜವಾದ ತುಂಡುಗಳನ್ನು ಕಿಟಕಿಯ ಬೆಳಕಿನಲ್ಲಿ ಕೈಗೆ ಕೊಟ್ಟು ಒಪ್ಪಿಗೆ ಪಡೆಯಿರಿ.

ಗ್ರಾಹಕರು ಒಳಗೆ ಓಡಾಡುವಾಗ ನೀವು ಮಾತಾಡಬೇಡಿ. ‘ಇಲ್ಲಿ ನೋಡಿ, ಅಲ್ಲಿ ನೋಡಿ’ ಎಂಬ ವಿವರಣೆ ಮಾರಾಟಗಾರನ ಕೆಲಸ. ಅವರು ಎಲ್ಲಿ ನಿಂತರು, ಎಲ್ಲಿ ಹಿಂದಕ್ಕೆ ತಿರುಗಿದರು, ಎಲ್ಲಿ ಕೈ ಚಾಚಿದರು ಎಂಬುದನ್ನು ಮಾತ್ರ ಬರೆದುಕೊಳ್ಳಿ. ಚಿಕ್ಕಮಗಳೂರಿನ ಬಳಿಯ ತೋಟದ ಮನೆಯೊಂದನ್ನು ನೋಡುತ್ತಿದ್ದ ಅಜ್ಜಿಯೊಬ್ಬರು ಜಗುಲಿಯ ಮೇಲೆ ಬಹಳ ಹೊತ್ತು ಸುಮ್ಮನೆ ಕುಳಿತಿದ್ದರು. ಅಂದ ನೋಡುತ್ತಿದ್ದಾರೆ ಎಂದುಕೊಂಡೆ. ಕೊನೆಗೆ ಅವರು ಕೇಳಿದ್ದು, ‘ಮಗಾ, ಇಲ್ಲಿ ಎರಚಲು ಹೊಡೆಯಲ್ವಾ?’ ಎಂದು. ಪಡುವಣದ ಕಡೆಗೆ ತೆರೆದ ಆ ಜಗುಲಿಗೆ ಎರಡಡಿ ಸೂರು ಬಿಟ್ಟಿದ್ದೆ. ಮಳೆ ಮಾದರಿಯಲ್ಲಿ ಇರಲಿಲ್ಲ, ಅವರ ನೆನಪಿನಲ್ಲಿತ್ತು. ಸೂರನ್ನು ನಾಲ್ಕಡಿಗೆ ಚಾಚಿದೆವು. ಮಳೆಯ ಸದ್ದು, ಗಾಳಿ, ಥಂಡಿ, ಒಲೆಯ ಹೊಗೆ ಇವು ಯಾವುವೂ ಹೆಡ್‌ಸೆಟ್ಟಿನಲ್ಲಿ ಬರುವುದಿಲ್ಲವಾದ್ದರಿಂದ, ಅವುಗಳನ್ನು ಬಾಯಿಬಿಟ್ಟು ಕೇಳಲೇಬೇಕು.

ಹಂತ 5: ಸೈಟಿನಲ್ಲಿ ಎಆರ್

ಮನೆಯ ಹೊರನೋಟ, ಎತ್ತರ, ರಸ್ತೆಯಿಂದ ಕಾಣುವ ಬಗೆ ಇವುಗಳಿಗೆ ಎಆರ್ ಒಳ್ಳೆಯದು. ಕೋಣೆಯ ಒಳಗಿನ ಅಳತೆಗೆ ವಿಆರ್ ಮೇಲು. ಮೊಬೈಲ್ ತಾನು ಎಲ್ಲಿದ್ದೇನೆ ಎಂಬುದನ್ನು ಕ್ಯಾಮೆರಾದಲ್ಲಿ ಕಾಣುವ ಗುರುತುಗಳಿಂದಲೂ ಒಳಗಿನ ಚಲನೆಯ ಸಂವೇದಕಗಳಿಂದಲೂ ಲೆಕ್ಕ ಹಾಕುತ್ತದೆ. ಒಂದೇ ಸಮನೆ ಹುಲ್ಲು ಬೆಳೆದ ಸೈಟಿನಲ್ಲಿ, ಮಂಜು ಮುಸುಕಿದ ತೋಟದಲ್ಲಿ, ಮಬ್ಬುಗತ್ತಲಲ್ಲಿ ಅದಕ್ಕೆ ಗುರುತು ಸಿಗದೆ ಮನೆ ನಿಧಾನಕ್ಕೆ ತೇಲತೊಡಗುತ್ತದೆ. ಜಿಪಿಎಸ್‌ನಲ್ಲಿ ಕೆಲವು ಮೀಟರುಗಳ ವ್ಯತ್ಯಾಸ ಸಹಜ, 30 ಅಡಿಯ ಸೈಟಿನಲ್ಲಿ ಅಷ್ಟು ವ್ಯತ್ಯಾಸವಾದರೆ ನಮ್ಮ ಮನೆ ಪಕ್ಕದವರ ಅಂಗಳದಲ್ಲಿ ನಿಂತಿರುತ್ತದೆ.

ಆದ್ದರಿಂದ ಮೊದಲು ದಾರ ಕಟ್ಟಿ ಸುಣ್ಣದ ಪುಡಿಯಲ್ಲಿ ಮನೆಯ ಹೊರಗೆರೆ ಎಳೆಸಿ. ಮೂಲೆಯ ಕಲ್ಲಿನ ಬಳಿ ಗುರುತಿನ ಚಿತ್ರ ಅಂಟಿಸಿದ ಹಲಗೆಯೊಂದನ್ನು ಅಲುಗದಂತೆ ನಿಲ್ಲಿಸಿ, ಮಾದರಿಯನ್ನು ಅದಕ್ಕೆ ಕೂರಿಸಿ. ಸುಣ್ಣದ ಗೆರೆಗೂ ಮಾದರಿಯ ಗೋಡೆಗೂ ಹೊಂದಿಕೆಯಾಗಿದೆಯೇ ಎಂದು ನಾಲ್ಕು ಮೂಲೆಯಲ್ಲೂ ಟೇಪು ಹಿಡಿದು ನೋಡಿದ ಮೇಲೆಯೇ ಗ್ರಾಹಕರ ಕೈಗೆ ಟ್ಯಾಬು ಕೊಡಿ. ನಡುಹಗಲಿನ ಬಿಸಿಲಿನಲ್ಲಿ ಪರದೆ ಕಾಣುವುದಿಲ್ಲ, ಬೆಳಗಿನ ಹೊತ್ತು ಹೋಗಿ. ತೋಟಗಳಲ್ಲಿ ನೆಟ್‌ವರ್ಕ್ ಸಿಗುವ ಭರವಸೆ ಇಲ್ಲ, ಕಡತವನ್ನು ಕಚೇರಿಯಲ್ಲೇ ಇಳಿಸಿಕೊಂಡಿರಬೇಕು. ಮರದ ಹಿಂದೆ ಇರಬೇಕಾದ ಗೋಡೆ ಮರದ ಮುಂದೆ ಕಾಣುವ ದೋಷ ಸಾಮಾನ್ಯವಾದ್ದರಿಂದ ಅದನ್ನು ಮೊದಲೇ ತಿಳಿಸಿಬಿಡಿ, ಇಲ್ಲದಿದ್ದರೆ ‘ಆ ಹಲಸಿನ ಮರ ಕಡಿಯಬೇಕಾ?’ ಎಂದು ಗಾಬರಿಯಾಗುತ್ತಾರೆ. ಹೆಡ್‌ಸೆಟ್ಟನ್ನು ಮಾತ್ರ ಬಿಸಿಲಿಗೆ ಒಯ್ಯಬೇಡಿ. ಮಸೂರದ ಮೇಲೆ ನೇರ ಬಿಸಿಲು ಬಿದ್ದರೆ ಒಳಗಿನ ಪರದೆ ಶಾಶ್ವತವಾಗಿ ಸುಡುತ್ತದೆ.

ಹಂತ 6: ದೂರದ ಮಗ, ಸೊಸೆ

ಹಣ ಕೊಡುವ ಮಗ ಬೆಂಗಳೂರಿನಲ್ಲೋ ಹೊರದೇಶದಲ್ಲೋ ಇರುವುದು ಈಗ ಸಾಮಾನ್ಯ. ಅವರಿಗೆ ಪ್ರತಿ ಕೋಣೆಯ 360 ಡಿಗ್ರಿ ಚಿತ್ರ ಕಳಿಸಿದರೆ ಸಾಕು. ವಾಟ್ಸ್‌ಆ್ಯಪ್‌ನಲ್ಲಿ ಫೋಟೊ ಆಗಿ ಕಳಿಸಿದರೆ ಅದು ಕುಗ್ಗಿ, ಸುತ್ತಿ ನೋಡುವ ಗುಣವನ್ನೇ ಕಳೆದುಕೊಳ್ಳಬಹುದು, ಆದ್ದರಿಂದ ಡಾಕ್ಯುಮೆಂಟ್ ಆಗಿ ಕಳಿಸಿ. ಅಪ್ಪ ಅಮ್ಮ ಕಚೇರಿಯಲ್ಲಿ ಹೇಳಿದ ಬದಲಾವಣೆಗಳನ್ನು ಸೇರಿಸಿದ ಮೇಲಷ್ಟೇ ಕಳಿಸುವುದು ಜಾಣತನ.

ಹಂತ 7: ಬರೆದು, ಬೆಲೆ ಕಟ್ಟಿ, ಸಹಿ ಪಡೆಯಿರಿ

ಹೆಡ್‌ಸೆಟ್ ತೆಗೆದ ಅರ್ಧ ಗಂಟೆಯೊಳಗೆ, ನೆನಪು ಹಸಿಯಾಗಿರುವಾಗಲೇ, ಬಂದ ಮಾತುಗಳನ್ನೆಲ್ಲ ಒಂದು ಹಾಳೆಯಲ್ಲಿ ಕನ್ನಡದಲ್ಲಿ ಬರೆದು ಓದಿ ಹೇಳಿ. ಪ್ರತಿ ಬದಲಾವಣೆಯ ಎದುರು ಹೆಚ್ಚಾಗುವ ಅಥವಾ ಉಳಿಯುವ ಖರ್ಚನ್ನು ನಮೂದಿಸಿ, ಯಾವುದು ಅಂದಾಜುಪಟ್ಟಿಯಲ್ಲಿ ಸೇರಿದೆ, ಯಾವುದು ಬರೀ ತೋರಿಕೆಗೆ ಇಟ್ಟದ್ದು ಎಂಬುದನ್ನು ಪ್ರತ್ಯೇಕಿಸಿ. ಒಪ್ಪಿಗೆಯಾದ ಕೋಣೆಗಳ ಚಿತ್ರ ಮುದ್ರಿಸಿ ನಕ್ಷೆಯ ಜೊತೆಗೇ ಸಹಿ ಪಡೆಯಿರಿ. ಮುಂದೆ ಬರುವ ಬಹುಪಾಲು ಜಗಳ ಈ ಹಾಳೆಯ ಎದುರು ನಿಲ್ಲುವುದಿಲ್ಲ, ಗ್ರಾಹಕರದೂ, ನಮ್ಮದೂ.

ಹಂತ 8: ತೃಪ್ತಿಯನ್ನು ಅಳೆಯುವುದು

ವಿಆರ್ ನೋಡಿದ ದಿನವೇ ಅಭಿಪ್ರಾಯ ಕೇಳಿದರೆ ಸಿಗುವುದು ಯಂತ್ರದ ಬಗೆಗಿನ ಬೆರಗು. ಮೂರು ಸಲ ಕೇಳಿ: ತೋರಿಸಿದ ಒಂದು ವಾರದ ಮೇಲೆ, ಮೋಲ್ಡ್ ಹಾಕಿದ ಮೇಲೆ, ಗೃಹಪ್ರವೇಶವಾಗಿ ಆರು ತಿಂಗಳು ಕಳೆದ ಮೇಲೆ. ಕೇಳುವ ಪ್ರಶ್ನೆ, ‘ನೋಡಿದ್ದಕ್ಕೂ ಕಟ್ಟಿದ್ದಕ್ಕೂ ಎಲ್ಲಿ ವ್ಯತ್ಯಾಸ ಕಂಡಿತು?’ ಎಂದಿರಲಿ. ಇದರ ಜೊತೆಗೆ, ಪಾಯ ತೋಡುವ ಮೊದಲು ಆದ ಬದಲಾವಣೆಗಳೆಷ್ಟು, ಗೋಡೆ ಎದ್ದ ಮೇಲೆ ಒಡೆದು ಕಟ್ಟಿದ್ದೆಷ್ಟು ಎಂಬ ಎರಡು ಅಂಕಿಗಳನ್ನು ಪ್ರತಿ ಮನೆಗೂ ಬರೆದಿಡಿ. ಮೊದಲನೆಯದು ಏರಿ ಎರಡನೆಯದು ಇಳಿಯುತ್ತ ಬಂದರೆ ವಿಧಾನ ಫಲಿಸುತ್ತಿದೆ ಎಂದು ತಿಳಿಯಬಹುದು, ಆದರೆ ಐದಾರು ಮನೆಗಳ ಲೆಕ್ಕದಿಂದ ದೊಡ್ಡ ತೀರ್ಮಾನಕ್ಕೆ ಬರಬಾರದು.

ಆರು ತಿಂಗಳ ಭೇಟಿಗೆ ಹೋಗುವಾಗ ಹಳೆಯ ಮಾದರಿಯನ್ನು ಟ್ಯಾಬಿನಲ್ಲಿ ಒಯ್ಯಿರಿ; ಅದೇ ಜಾಗದಲ್ಲಿ ನಿಂತು ಎರಡನ್ನೂ ಅಕ್ಕಪಕ್ಕ ಹಿಡಿದು ನೋಡಿ. ಎರಚಲಿನ ಆ ಮನೆಗೆ ನಾನು ಹೋದದ್ದು ಜುಲೈ ತಿಂಗಳಲ್ಲಿ. ಅಜ್ಜಿಯ ಕುರ್ಚಿ ಜಗುಲಿಯಲ್ಲೇ ಇತ್ತು, ಗೋಡೆಗೆ ಒಂದಡಿ ಹತ್ತಿರಕ್ಕೆ ಸರಿದಿತ್ತು. ಮುಂದಿನ ಮನೆಗೆ ಸೂರನ್ನು ಐದಡಿ ಬಿಡಬೇಕೆಂದು ಗುರುತು ಹಾಕಿಕೊಂಡು ಬಂದೆ.